ಮುಳುಗಡೆಯಾದ ನೀಹಾರಿಕೆ

ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಹಗಲು ಹೊತ್ತು ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಬಾರದು. ಹುಲಿ ತಂದು ಬಿಟ್ಟರೆ ಜನ ಓಡಿಹೋಗುತ್ತಾರೆ, ಅಷ್ಟೇ. ಮೂರು ಕಾಲಿನ ಸ್ಟ್ಯಾಂಡು ಕಂಡರೆ ಓಡಿಬರುತ್ತಾರೆ. ಇಂಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಸಿದ್ದಾರೂಢನಿಗೆ ಇದು ಗೊತ್ತಿರಲಿಲ್ಲ. ಇಂಡಿ ನಿಂಬೆಹಣ್ಣಿನ ಊರು, ಅಲ್ಲಿ ಯಾರ ಮನೆಯನ್ನೂ ನೀರು ನುಂಗಿಲ್ಲ. ಹಿನ್ನೀರಿನ ದಂಡೆಯ ಕೊಲ್ಹಾರದ ಕಡೆಯವರ ಪಾಡು ಬೇರೆ. ಮೊದಲು ಮೂರು ಕಾಲು ಬರುತ್ತದೆ, ಅದರ ಹಿಂದೆ ಸರ್ವೇದವರು, ಅವರ ಹಿಂದೆ ನೀರು, ನೀರಿನ ಹಿಂದೆ ಎಂದಾದರೊಮ್ಮೆ ಪರಿಹಾರ ಎಂಬುದು ಅಲ್ಲಿ ಎಮ್ಮೆ ಕಾಯುವವರಿಗೂ ಬಾಯಿಪಾಠ.

ಸಿದ್ದಾರೂಢ ಕೆಟ್ಟ ಮನುಷ್ಯನಲ್ಲ. ಪಾಸ್‌ಪೋರ್ಟ್ ಫೋಟೋದಲ್ಲಿ ಗಿರಾಕಿಯ ಮುಖದ ಮೇಲಿನ ಮಚ್ಚೆ ಅಳಿಸಲೂ ಒಪ್ಪದಷ್ಟು ನೇರ. "ದೇವರು ಇಟ್ಟದ್ದೈತಿ, ಇರಲಿ ಬಿಡ್ರಿ" ಅನ್ನುವವ. ಅವನಿಗೆ ಆಕಾಶದ ಹುಚ್ಚು ಹಿಡಿದದ್ದು ದೇವಣಗಾಂವದಲ್ಲಿ ಒಂದು ಮದುವೆ ಮುಗಿಸಿ ಬರುವಾಗ. ಭೀಮೆಯ ದಂಡೆಯಲ್ಲಿ ಗಾಡಿ ಪಂಕ್ಚರ್ ಆಗಿತ್ತು, ಸುತ್ತಲಿನ ಊರುಗಳಲ್ಲಿ ಕರೆಂಟಿರಲಿಲ್ಲ. ಬೇರೆ ಕೆಲಸವಿಲ್ಲದೆ ಅವನು ಉದ್ದನೆಯ ಲೆನ್ಸನ್ನು ಮೇಲಕ್ಕೆ ತಿರುಗಿಸಿದ. ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ, ಕತ್ತಿ ಇಳಿಬಿದ್ದಂತೆ ಕಾಣುವ ಕಡೆ, ಒಂದು ಚುಕ್ಕೆ ಉಳಿದ ಚುಕ್ಕೆಗಳಂತೆ ಇರಲಿಲ್ಲ. ಚಳಿಯಲ್ಲಿ ಯಾರೋ ಉಸಿರು ಬಿಟ್ಟ ಹಾಗೆ ಮಂಜುಮಂಜಾಗಿತ್ತು. ಅದು ನೀಹಾರಿಕೆ, ಈ ಗಳಿಗೆಯಲ್ಲೂ ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ ಎಂದು ಆಮೇಲೆ ಓದಿ ತಿಳಿದಾಗ ಅವನಿಗೆ ಊಟ ಸೇರಲಿಲ್ಲ.

"ಊರಾಗ ಹುಟ್ಟಿದ ಕೂಸಿನ ಫೋಟೋ ತಗೀ ಅಂತ ಮಂದಿ ಸರದಿ ಹಚ್ಚ್ಯಾರ. ಇವ ಚಿಕ್ಕಿ ಹಡಿಯೂದನ್ನ ನೋಡಾಕ ಹೊಂಟಾನ" ಎಂದು ಹೆಂಡತಿ ದಾನೇಶ್ವರಿ ಅಂದಳು. ಅಂದರೂ ಬುತ್ತಿ ಕಟ್ಟಿಕೊಟ್ಟಳು.

ಮುದ್ದೇಬಿಹಾಳದ ಹೈಸ್ಕೂಲು ಮಾಸ್ತರ ಅನೀಲಕುಮಾರ ವರ್ಷಕ್ಕೊಮ್ಮೆ ಆಕಾಶದ ಚಿತ್ರಗಳ ಪ್ರದರ್ಶನ ಇಡುತ್ತಿದ್ದ. ಪುಣೆಯವರು, ಧಾರವಾಡದವರು ಚಿತ್ರ ಕಳಿಸುತ್ತಿದ್ದರು. ಸಿದ್ದಾರೂಢನೂ ಕಳಿಸುತ್ತಿದ್ದ. ಅವನ ನೀಹಾರಿಕೆ ಪ್ರತಿ ಸಲವೂ ಅಲುಗಾಡಿ, ಬಿಳಿ ಅಂಗಿಯ ಮೇಲೆ ಚಹಾ ಚೆಲ್ಲಿದ ಹಾಗೆ ಬರುತ್ತಿತ್ತು. ಅದನ್ನು ಕುಡಿಯುವ ನೀರಿನ ಡ್ರಮ್ಮಿನ ಹಿಂದೆ ಅಂಟಿಸುತ್ತಿದ್ದರು. ಈ ವರ್ಷ ಮಾಸ್ತರನಿಗೇ ಕರುಣೆ ಬಂದು, ಭೂಮಿ ತಿರುಗುವ ಗತಿಗೆ ಸರಿಯಾಗಿ ಕ್ಯಾಮರಾವನ್ನು ತಿರುಗಿಸುವ ತನ್ನ ಯಂತ್ರವನ್ನು ಎರವಲು ಕೊಟ್ಟಿದ್ದ.

"ಅಮಾಸಿ ಒಂದ ರಾತ್ರಿ ನಿಂದು. ಮರುದಿನ ಮುಂಜಾನಿ ಪ್ರದರ್ಶನ, ಮಿಷಿನ್ ನನಗ ಬೇಕು. ಚಿತ್ರ ಛಲೋ ಬಂತಂದ್ರ ಬಾಗಲಕ್ಕ ತೂಗ ಹಾಕತೇನಿ, ನಿನ್ನ ಹೆಸರು ಹಾಕಿ."

ಬಾಗಿಲಿಗೆ ತೂಗುವುದೆಂದರೆ ಒಳಗೆ ಬರುವ ಪ್ರತಿಯೊಬ್ಬನೂ ಮೊದಲು ನೋಡುವುದು ಅದನ್ನೇ. ಸಿದ್ದಾರೂಢನಿಗೆ ಆ ಬಾಗಿಲು ಬೇಕಾಗಿತ್ತು.

ಅದಕ್ಕೇ ಅಮಾವಾಸ್ಯೆಯ ಮಧ್ಯಾಹ್ನ ಕೊಲ್ಹಾರದ ಆಚೆ, ಹೆಂಡತಿಯ ಸೋದರಮಾವ ಬಸಂತರಾಯನ ಹೊಲಕ್ಕೆ ಬಂದ. ಹೊಲ ಹಿನ್ನೀರಿಗೆ ಹೊಂದಿಕೊಂಡಿತ್ತು. ಅಂಚಿಗೆ ಒಂದು ಕಲ್ಲು ದಿಬ್ಬ. ಸುತ್ತ ದೀಪವೆಂಬುದು ಅಲ್ಲೊಂದು ಇಲ್ಲೊಂದು. ಸಿದ್ದಾರೂಢ ದಿಬ್ಬದ ಮೇಲೆ ಮೂರು ಕಾಲು ಊರಿ, ಮಟ್ಟ ನೋಡಿ, ಯಂತ್ರ ಕೂರಿಸಿದ. ಆ ಯಂತ್ರದ ಬೆನ್ನುಮೂಳೆ ಧ್ರುವ ನಕ್ಷತ್ರದ ಕಡೆ ಇರಬೇಕು. ನಮ್ಮ ಕಡೆ ಧ್ರುವ ನಕ್ಷತ್ರ ಉತ್ತರಕ್ಕೆ ಬಲು ಕೆಳಗೆ, ಜೋಳದ ತೆನೆಗಿಂತ ತುಸು ಮೇಲೆ ಇರುತ್ತದೆ. ಸಿದ್ದಾರೂಢ ಮೊದಲೇ ದಿಕ್ಸೂಚಿ ಇಟ್ಟು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಉತ್ತರಕ್ಕೆ ಗುರಿ ಹಿಡಿದ. ಉತ್ತರಕ್ಕೆ ಇದ್ದದ್ದು ಊರವರ ಹೊಲಗಳು.

"ಎಲ್ಲೀ ತನಕ ಬರತೈತಿ, ಅಳಿಯ?" ಬಸಂತರಾಯ ಹಿಂದೆ ಬಂದು ನಿಂತಿದ್ದ.

"ಏನು ಮಾವಾರ?"

"ನೀರು."

"ನೀರಲ್ರಿ. ನಾ ಚಿಕ್ಕಿ ಫೋಟೋ ತಗ್ಯಾಕ ಬಂದೇನಿ ಅಂತ ಫೋನಿನಾಗ ಹೇಳಿದ್ನೆಲ್ಲ."

ಬಸಂತರಾಯ ಆಕಾಶ ನೋಡಿದ. ಬಿಸಿಲು ಚುರುಗುಟ್ಟುತ್ತಿತ್ತು. ಆಮೇಲೆ ಯಂತ್ರ ನೋಡಿದ. "ಚಿಕ್ಕಿ ಮ್ಯಾಲ ಇರತಾವ. ನಿನ್ನ ಮಿಷಿನ್ ರಾವಸಾಬನ ಹೊಲ ನೋಡಾಕತ್ತೈತಿ."

"ಅದು ಧ್ರುವ ನಕ್ಷತ್ರದ ದಿಕ್ಕು ರಿ."

"ಆತು, ನೀ ನೌಕರಿ ಮ್ಯಾಲ ಬಂದೀ, ಹೇಳಾಕ ಬರೂದಿಲ್ಲ. ನನಗ ತಿಳೀತೈತಿ. ನಾನೂ ಯಾರ ಮುಂದೂ ಬಾಯಿ ಬಿಡೂದಿಲ್ಲ." ಹೀಗೆಂದವನು ಹೊಲದ ಬದು ದಾಟುವುದರೊಳಗೆ ಫೋನು ಕಿವಿಗೆ ಹಚ್ಚಿದ್ದ.

ಸ್ವಲ್ಪ ಹೊತ್ತಿಗೆ ರಾವಸಾಬ ಬಂದ. ಪಕ್ಕದ ಹೊಲದವ. ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ಬೀಡಿ, ಸರಕಾರಿ ಮನುಷ್ಯರನ್ನು ಮಾತಾಡಿಸುವಾಗ ಬರುವ ಆ ತೆಳುವಾದ ನಗೆ.

"ನಮಸ್ಕಾರ್ರಿ ಸಾಹೇಬ್ರ. ಚಿಕ್ಕಿ ನೋಡಾಕ ಬಂದೀರಂತ."

"ಹೌದ್ರಿ. ಖರೇನ ಚಿಕ್ಕಿ ನೋಡಾಕ."

"ಹಿಂದಕ ಬಂದವ್ರೂ ಹಂಗ ಅಂದಿದ್ರು, ಹಕ್ಕಿ ನೋಡಾಕ ಬಂದೇವಿ ಅಂತ. ಅವ್ರು ಹಕ್ಕಿ ನೋಡಿ ಹೋದ್ರು. ನಮ್ಮ ಹಳೇ ಮನೀನ ಈಗ ಮೀನ ನೋಡಾಕತ್ತಾವ." ರಾವಸಾಬ ಬೀಡಿಯ ಬೂದಿ ಕೊಡವಿದ. "ಆವಾಗ ನಮ್ಮಪ್ಪ ಶಾಣ್ಯಾ ಇರಲಿಲ್ಲ. ಹೊಲ ಖಾಲಿ ಐತಿ ಅಂತ ಬರಸ್ಕೊಂಡ, ಪರಿಹಾರ ಮೂರ ಕಾಸ ಬಂತು. ಈ ಸಲ ನಮ್ಮ ಹೊಲ ಖಾಲಿ ಇಲ್ರಿ. ನಿಮ್ಮ ಮಿಷಿನ್‌ಗೆ ಹೇಳಿ ಇಡ್ರಿ."

ಸಿದ್ದಾರೂಢ ಇಲ್ಲ ಎಂದ. ಆಣೆ ಮಾಡಿದ. ಕ್ಯಾಮರಾ ತೋರಿಸಿದ. ಮನುಷ್ಯ ಖರೆ ಹೇಳುವಾಗ ಇಷ್ಟು ಬೆವರುವುದಿಲ್ಲ ಎಂದು ರಾವಸಾಬನಿಗೆ ಅನಿಸಿತು. ಅವನು ಕೈ ಮುಗಿದು ಹೋದ.

ಆಮೇಲೆ ಸುರುವಾಯಿತು. ರಾವಸಾಬನ ಬರಿ ಹೊಲದಲ್ಲಿ ತಗಡಿನ ಶೆಡ್ಡು ಎದ್ದಿತು. ಅದರ ಸುತ್ತ ದಾಳಿಂಬೆಯ ತೋಟ ಎದ್ದಿತು, ಬೇರಿಲ್ಲದ ಟೊಂಗೆಗಳನ್ನು ಸಾಲು ಹಿಡಿದು ನೆಟ್ಟ ತೋಟ. ಬಸಂತರಾಯ, ಬಾಯಿ ಬಿಡದ ಆ ಮನುಷ್ಯ, ತನ್ನ ಹೊಲದ ನಡುವೆ ಒಂದು ಪೈಪು ಹುಗಿದು ಅದಕ್ಕೆ ಹಳೆಯ ಸ್ಟಾರ್ಟರ್ ಡಬ್ಬಿ ಕಟ್ಟಿದ. ಬೋರಿನಲ್ಲಿ ನೀರು ಮಾತ್ರ ಇರಲಿಲ್ಲ, ಬೋರೂ ಇರಲಿಲ್ಲ. ಉಳಿದವರು ಎಮ್ಮೆ ತಂದರು, ಹೊರಸು ಮಂಚ ತಂದರು, ಒಬ್ಬನಂತೂ ಮನೆಯ ಬಾಗಿಲನ್ನೇ ಕಿತ್ತು ತಂದು ಬಯಲಲ್ಲಿ ನಿಲ್ಲಿಸಿ ಬೀಗ ಹಾಕಿದ. ಮುದುಕಿ ಲಕ್ಕವ್ವ ದಿಬ್ಬದ ಬುಡಕ್ಕೆ ಮೂರು ಕಲ್ಲು ಇಟ್ಟು ಒಲೆ ಹೊತ್ತಿಸಿ, ಮೊಸರಿನ ಗಡಿಗೆ ಪಕ್ಕಕ್ಕೆ ಇಟ್ಟುಕೊಂಡು ರೊಟ್ಟಿ ಬಡಿಯತೊಡಗಿದಳು.

"ಇದೇನು ಆಯಿ?" ಸಿದ್ದಾರೂಢ ಕೇಳಿದ.

"ನನ್ನ ಮನಿ."

"ಗ್ವಾಡಿ ಎಲ್ಲಿ?"

"ಗ್ವಾಡಿ ನಾಳೆ ಬರತಾವ. ಒಲಿ ಉರಿದ್ರ ಮನಿ. ಬರಕೋ." ಬರೆದುಕೊಳ್ಳುವ ಮುಂಚೆ ಹೊಟ್ಟೆ ತುಂಬಲಿ ಎಂದು ಎರಡು ರೊಟ್ಟಿ, ಚಾಕುವಿನಿಂದ ಕೊಯ್ಯಬಹುದಾದಂಥ ಮೊಸರು ಕೊಟ್ಟಳು. ಆ ಹೊತ್ತಿನಲ್ಲಿ ಅವನಿಗೆ ಸಿಕ್ಕ ಒಂದೇ ಸುಖ ಅದು.

ಇಷ್ಟಾದರೂ ಸಿದ್ದಾರೂಢ ಎದೆಗುಂದಲಿಲ್ಲ. ಶೆಡ್ಡು ನೆಲದ ಮೇಲೆ, ನೀಹಾರಿಕೆ ಆಕಾಶದಲ್ಲಿ, ಒಂದಕ್ಕೊಂದು ಅಡ್ಡಿಯಿಲ್ಲ ಅಂದುಕೊಂಡ. ಹೊತ್ತು ಮುಳುಗಿತು. ಮೂಡಲಿನಿಂದ ಏರಿ ಬಂದ ಮಹಾವ್ಯಾಧ ನೆತ್ತಿಯ ಹತ್ತಿರಕ್ಕೆ ನಡೆದ. ಆಗ ರಾವಸಾಬ ಕೂಗಿದ, "ರಾತ್ರಿ ಸರ್ವೇ ಅಂದ ಮ್ಯಾಲ ನಮ್ಮ ಮನಿ ಕಾಣಬೇಕೋ ಬ್ಯಾಡೋ? ಹಚ್ಚರಿ."

ಹಚ್ಚಿದರು. ಮದುವೆ ಪೆಂಡಾಲಿನ ಫೋಕಸ್ ಲೈಟು ಹಚ್ಚಿದರು, ದಾಳಿಂಬೆಯ ಟೊಂಗೆಗಳಿಗೆ ಮಿಣಿಮಿಣಿ ಸರ ಹಾಕಿದರು, ಟ್ರ್ಯಾಕ್ಟರುಗಳನ್ನು ದಿಬ್ಬಕ್ಕೆ ಮುಖ ಮಾಡಿ ನಿಲ್ಲಿಸಿದರು. ಬೀಗ ಹಾಕಿದ ಬಾಗಿಲಿನ ಮೇಲೂ ಒಂದು ಬಲ್ಬು ಉರಿಯಿತು. ಸಿದ್ದಾರೂಢ ಮೊದಲ ಫೋಟೋ ತೆಗೆದು ನೋಡಿದ. ಹಾಲು ಹೆಚ್ಚಾದ ಚಹಾದಂಥ ಆಕಾಶ. ಮಹಾವ್ಯಾಧನ ನಡುಪಟ್ಟಿಯೇ ಕಾಣದು, ಇನ್ನು ನೀಹಾರಿಕೆ ಎಲ್ಲಿಯದು?

ಅವನು ಬೇಡಿಕೊಂಡ. "ಅಣ್ಣಾರ, ಕತ್ತಲ ಬೇಕ್ರಿ ನನಗ. ಸ್ವಲ್ಪ ಹೊತ್ತು ಆರಿಸ್ರಿ."

"ಕತ್ತಲದಾಗ ನಮ್ಮ ಮನಿ ತಪ್ಪಿ ಹೋದ್ರ ನೀವು ಕಟ್ಟಿಸಿ ಕೊಡ್ತೀರೇನ್ರಿ?" ಎಂದ ರಾವಸಾಬ. ಅವನ ಹೊಲದಲ್ಲಿ ಇನ್ನೆರಡು ದೀಪ ಹೆಚ್ಚಾದವು.

ಸಿದ್ದಾರೂಢನ ತಲೆ ಕಾದು ಕೆಂಡವಾಯಿತು. ಇಂಥ ಹೊತ್ತಿನಲ್ಲಿ ಎಂಥ ನೇರ ಮನುಷ್ಯನೂ ಬಾಗುತ್ತಾನೆ, ಬಾಗದವನು ಮನುಷ್ಯನಲ್ಲ, ಕರೆಂಟಿನ ಕಂಬ. ಬೆಳಗಾದರೆ ಯಂತ್ರ ಕೈತಪ್ಪುತ್ತದೆ, ಬಾಗಿಲು ಕೈತಪ್ಪುತ್ತದೆ, ಮತ್ತೆ ಡ್ರಮ್ಮಿನ ಹಿಂದೆಯೇ ಗತಿ. ಅವನು ದಿಬ್ಬದ ತುದಿಗೆ ನಿಂತು, ಮಚ್ಚೆ ಅಳಿಸಲೂ ಒಪ್ಪದ ಬಾಯಿಂದ ದೊಡ್ಡ ಸುಳ್ಳೊಂದನ್ನು ಬಿಟ್ಟ.

"ಕೇಳ್ರಿ ಎಲ್ಲಾರೂ. ನಾ ಸರ್ವೇದವನ ಹೌದು. ಈ ಮಿಷಿನ್ ಕತ್ತಲದಾಗ ನೋಡೂ ಮಿಷಿನ್. ಕತ್ತಲದಾಗ ಇದ್ದ ಮನಿ, ಗಿಡ, ಬಾವಿ ಎಲ್ಲಾ ತಾನ ಹುಡುಕಿ ಬರಕೋತೈತಿ. ಎಲ್ಲಿ ಬೆಳಕ ಕಾಣತೈತಿ, ಅದು ಬೀದಿ ದೀಪ, ಸರಕಾರಿ ಜಾಗ ಅಂತ ಬರಕೋತೈತಿ."

ಆಮೇಲೆ ಒಂದೊಂದೇ ದೀಪ ಸತ್ತಿತು. ಫೋಕಸ್ ಲೈಟು ಹೋಯಿತು, ಸರ ಹೋಯಿತು, ಟ್ರ್ಯಾಕ್ಟರು ಕಣ್ಣು ಮುಚ್ಚಿದವು. ರಾವಸಾಬ ಬೀಡಿಯನ್ನು ಕಾಲಿನಿಂದ ಹೊಸಕಿ ತನ್ನ ಭಾವನಿಗೆ ಫೋನು ಮಾಡಿದ. ಭಾವ ಬೀಗರಿಗೆ ಮಾಡಿದ. ದೂರದ ವಸ್ತಿಯೂ ಕತ್ತಲಾಯಿತು. ರಸ್ತೆಯಲ್ಲಿ ಬರುತ್ತಿದ್ದ ಮೋಟರ್‌ಸೈಕಲ್ಲುಗಳನ್ನು ನಿಲ್ಲಿಸಿ ದೀಪ ಆರಿಸಿ ದೂಡಿಕೊಂಡು ಹೋಗಲು ಹಚ್ಚಿದರು. ಕೊನೆಗೆ ಹಿನ್ನೀರಿನ ಆಚೆ ದಂಡೆಯಲ್ಲಿ ಸಾಲಾಗಿ ಮಿನುಗುತ್ತಿದ್ದ ದೀಪಗಳೂ ಯಾರೋ ಊದಿದ ಹಾಗೆ ಹೋದವು. ಲಕ್ಕವ್ವ ಒಲೆಯ ಮೇಲೆ ಕಬ್ಬಿಣದ ಬುಟ್ಟಿ ಬೋರಲು ಹಾಕಿ ಅದರ ಮುಂದೆ ಸೆರಗು ಹಿಡಿದು ಕೂತಳು.

ಆಕಾಶ ಇಳಿದು ಬಂತು.

ಇಂಥ ಕತ್ತಲೆಯನ್ನು ಅಲ್ಲಿದ್ದ ಮುದುಕರು ಮಾತ್ರ ಹುಡುಗರಾಗಿದ್ದಾಗ ನೋಡಿದ್ದರು. ನಕ್ಷತ್ರಗಳು ಮೇಲೆ ಎಷ್ಟೋ ಅಷ್ಟೇ ನೀರಿನಲ್ಲೂ ಇದ್ದವು, ನಡುವೆ ದಂಡೆಯೆಂಬುದು ಒಂದು ಕಪ್ಪು ಗೆರೆ. ಸಿದ್ದಾರೂಢ ಧ್ರುವನನ್ನು ಹಿಡಿದ, ನಡುಪಟ್ಟಿಯ ಕೆಳಗೆ ಲೆನ್ಸು ತಿರುಗಿಸಿದ, ಗುಂಡಿ ಒತ್ತಿದ. ಕ್ಯಾಮರಾ ಎರಡು ನಿಮಿಷ ಕಣ್ಣು ತೆರೆದು ಕೂತಿತು. ಯಂತ್ರ ಇರುವೆಗಿಂತ ಮೆಲ್ಲಗೆ ಆಕಾಶದ ಜೊತೆ ನಡೆಯಿತು.

"ಏನ ನೋಡಾಕತ್ತೈತಿ ಅದು?" ಕತ್ತಲಲ್ಲಿ ಲಕ್ಕವ್ವನ ದನಿ ಹತ್ತಿರ ಬಂದಿತ್ತು.

ಅವಳ ಮುಂದೆ ಸುಳ್ಳು ಬರಲಿಲ್ಲ. "ಆಯಿ, ಅಲ್ಲಿ ಚಿಕ್ಕಿ ಹುಟ್ಟತಾವ. ಧೂಳು, ಹೊಗಿ ಎಲ್ಲಾ ಒಂದ ಕಡೆ ಕೂಡಿ, ತಿರಗಿ ತಿರಗಿ, ಕಾದು ಕಾದು ಚಿಕ್ಕಿ ಆಗತೈತಿ. ಈಗ ನಮಗ ಕಾಣೂ ಬೆಳಕ ಅಲ್ಲಿಂದ ಹೊಂಟಾಗ ಬಾದಾಮ್ಯಾಗ ಚಾಲುಕ್ಯರ ರಾಜ್ಯ ಇತ್ತು. ಈಗ ಬಂದು ಮುಟ್ಟೇತಿ."

ಲಕ್ಕವ್ವ ಬಹಳ ಹೊತ್ತು ಮೇಲೆ ನೋಡಿದಳು. "ಬಾಣಂತನ ಯಾರ ಮಾಡತಾರ?"

"ಯಾರೂ ಇಲ್ಲ ಆಯಿ. ತಾವ ಹುಟ್ಟತಾವ, ತಾವ ಬೆಳೀತಾವ."

"ಪಾಪ" ಎಂದಳು ಮುದುಕಿ.

ಕ್ಯಾಮರಾ ಕಣ್ಣು ಮುಚ್ಚಿತು. ಹಿಂದಿನ ಪರದೆಯ ಮೇಲೆ ಚಿತ್ರ ಮೂಡಿತು. ಹಲ್ಲುಗಳಿಲ್ಲದ ಬಾಯಿಯಷ್ಟು ಕಪ್ಪು ಕತ್ತಲೆಯ ನಡುವೆ ಗುಲಾಬಿ ಬಣ್ಣದ ಮೋಡ, ಅಂಚಿಗೆ ಕೆಂಪು, ಒಳಗೆ ನೀಲಿಯ ಎಳೆ, ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಎರಡು ಕಡೆ ಚಾಚಿದ ತೋಳು. ನಟ್ಟನಡುವೆ ಈಗಷ್ಟೇ ಕಣ್ಣು ಬಿಟ್ಟ ನಾಲ್ಕು ಮರಿ ನಕ್ಷತ್ರಗಳು, ಒಂದಕ್ಕೊಂದು ಅಂಟಿಕೊಂಡು. ಒಂದು ಬದಿಯಿಂದ ಕಪ್ಪು ಧೂಳಿನ ಕೊಲ್ಲಿಯೊಂದು ಮೀನಿನ ಬಾಯಿಯಂತೆ ಒಳಕ್ಕೆ ನುಗ್ಗಿತ್ತು. ಇಷ್ಟು ವರ್ಷ ಮದುಮಕ್ಕಳ ಗದ್ದ ಮೇಲೆ ಕೆಳಗೆ ಮಾಡಿಸಿದ ಮನುಷ್ಯ ಕಣ್ಣು ಒರೆಸಿಕೊಂಡ. ಮತ್ತೆ ಗುಂಡಿ ಒತ್ತಿದ. ಮತ್ತೆ ಒತ್ತಿದ. ಮಹಾವ್ಯಾಧ ಪಡುವಲಕ್ಕೆ ಇಳಿಯುವ ತನಕ ಒತ್ತುತ್ತಲೇ ಇದ್ದ.

"ಮುಗೀತೇನ್ರಿ?" ಎಂದು ಜನ ದಿಬ್ಬಕ್ಕೆ ಮುತ್ತಿದರು. ಪರದೆಯ ಸುತ್ತ ತಲೆಗಳು ಕೂಡಿದವು.

"ಎಷ್ಟ ಚಂದ ಐತಿ" ಎಂದ ರಾವಸಾಬ. ಸಿದ್ದಾರೂಢ ಅವನ ಎಲ್ಲ ತಪ್ಪನ್ನೂ ಅಲ್ಲಿಯೇ ಕ್ಷಮಿಸಿದ. ಅಷ್ಟರಲ್ಲಿ ರಾವಸಾಬ ಮೀನಿನ ಬಾಯಿಯ ಮೇಲೆ ಬೆರಳು ಇಟ್ಟ. "ಇದು ನಮ್ಮ ಹಳ್ಳ. ನೋಡು ಬಸಂತಣ್ಣ, ಹಿನ್ನೀರ ಒಳಗ ಹೊಕ್ಕದ್ದು ಹೆಂಗ ಬಂದೈತಿ. ಕೆಂಪ ಇದ್ದದ್ದೆಲ್ಲಾ ಮುಳುಗಡಿ."

"ಹಂಗಾರ ನನ್ನ ಹೊಲ ಈ ರೆಕ್ಕಿ ಮ್ಯಾಲ ಬಂತು" ಎಂದ ಬಸಂತರಾಯ, ತೃಪ್ತಿಯಿಂದ.

ಸಿದ್ದಾರೂಢ ಬಾಯಿ ಬಿಟ್ಟ. "ಅಣ್ಣಾರ, ಇದು ಆಕಾಶ ಐತ್ರಿ. ನಾ ಮೊದಲ ಹೇಳಿದ್ದ ಖರೆ. ಆಮ್ಯಾಲ ಹೇಳಿದ್ದು ಸುಳ್ಳ."

"ತಿಳೀತ್ರಿ ಸಾಹೇಬ್ರ. ಮ್ಯಾಲಿನವ್ರು ಹೇಳಬ್ಯಾಡ ಅಂದಿರತಾರ" ಎಂದು ರಾವಸಾಬ ಸಮಾಧಾನ ಮಾಡಿ, ಪರದೆಯ ಫೋಟೋವನ್ನು ತನ್ನ ಮೊಬೈಲಿನಲ್ಲಿ ಹಿಡಿದುಕೊಂಡ.

"ಚಿಕ್ಕಿನ ಇರಲಿ, ಹೊಲಾನ ಇರಲಿ" ಎಂದಳು ಲಕ್ಕವ್ವ, "ನನ್ನ ಒಲಿ ಬಂದೈತೋ ಇಲ್ಲೋ ಅಷ್ಟ ಹೇಳು."

ಅವನು ಬಂದಿದೆ ಎಂದ. ಮುದುಕಿಗೆ ಇಲ್ಲ ಎನ್ನುವ ಧೈರ್ಯ ಇರಲಿಲ್ಲ. ಅಲ್ಲದೆ ಅವನಿಗೆ ಈಗ ಯಾರು ಏನೆಂದರೂ ಆಗಬೇಕಾದದ್ದಿರಲಿಲ್ಲ. ಚಿತ್ರ ಸಿಕ್ಕಿತ್ತು. ನಸುಕಿನಲ್ಲಿ ಎದ್ದು, ಬಸವನ ಬಾಗೇವಾಡಿಯಲ್ಲಿ ಲ್ಯಾಬು ಇಟ್ಟಿದ್ದ ಗೆಳೆಯನ ಬಾಗಿಲು ಬಡಿದು ಎಬ್ಬಿಸಿ, ಚಿತ್ರವನ್ನು ಹದ ಮಾಡಿ ದೊಡ್ಡದಾಗಿ ಪ್ರಿಂಟು ಹಾಕಿಸಿ, ಕೂಸನ್ನು ಸುತ್ತಿದ ಹಾಗೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮುದ್ದೇಬಿಹಾಳಕ್ಕೆ ಬಂದ.

ಅನೀಲಕುಮಾರ ಮಾಸ್ತರ ಬೆಡ್‌ಶೀಟು ಬಿಚ್ಚಿ, ಕನ್ನಡಕ ಒರೆಸಿ, ನೋಡಿ, ಕುರ್ಚಿಯ ಮೇಲೆ ಕೂತ.

"ಸಿದ್ದಾರೂಢ, ಇಷ್ಟ ವರ್ಷದಾಗ ನಾ ಇಂಥಾದ್ದು ನೋಡಿಲ್ಲ. ಪುಣೇದವ್ರದೂ ಇಲ್ಲ. ಆ ಧೂಳಿನ ಎಳಿ ಹೆಂಗ ಬಿಡಿಬಿಡಿ ಬಂದಾವ ನೋಡು. ಇಂಥಾ ಕತ್ತಲ ಎಲ್ಲಿ ಸಿಕ್ತು ನಿನಗ?"

"ಸಿಕ್ತು ಬಿಡ್ರಿ. ಬಾಗಲಕ್ಕ ಹಾಕೂಣ?"

ಮಾಸ್ತರ ಎದ್ದು ಬಾಗಿಲ ತನಕ ಹೋದ. ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿದ. ಜೇಬಿನಿಂದ ಮೊಬೈಲು ತೆಗೆದು ತೋರಿಸಿದ. ಅದರಲ್ಲಿ ರಾವಸಾಬ ಹಿಡಿದ ನೀಹಾರಿಕೆ ಇತ್ತು, ತುಸು ಓರೆಯಾಗಿ, ಅಂಚಿನಲ್ಲಿ ಬಸಂತರಾಯನ ಹೆಬ್ಬೆರಳಿನ ಸಮೇತ. ಮೇಲೆ 'ಹೊಸ ಮುಳುಗಡೆ ನಕ್ಷೆ, ಖಾತ್ರಿ' ಎಂದು ಬರೆದಿತ್ತು.

"ಮುಂಜಾನಿಂದ ನಾಕ ತಾಲೂಕ ತಿರಗೇತಿ ಇದು" ಎಂದ ಮಾಸ್ತರ. "ನಮ್ಮ ಅಣ್ಣಗೂ ಮುಟ್ಟೇತಿ. ನಮ್ಮವು ಎರಡ ಹೊಲ ಅದಾವ. ಒಂದು ಆಚೆ ದಂಡಿಗೆ, ಬರೇ ಜವಳು, ಏನೂ ಬೆಳಿಯೂದಿಲ್ಲ. ಇನ್ನೊಂದು ಬಾವಿ ಇದ್ದ ಎರಿ ಹೊಲ. ಬಾವಿ ಹೊಲ ನನಗ ನನಗ ಅಂತ ಇಬ್ಬರೂ ಕೋರ್ಟಿಗೆ ತಿರಗಿ ತಲಿ ಬೆಳ್ಳಗ ಮಾಡ್ಕೊಂಡೇವಿ. ಇವತ್ತ ಅಂವ ತಾನ ಫೋನ್ ಮಾಡಿದ. ದಂಡಿ ಹೊಲ ಪೂರಾ ಕೆಂಪಿನಾಗ ಬಂದೈತಿ, ಪರಿಹಾರ ಬರತೈತಿ, ಅದು ನನಗಿರಲಿ, ಬಾವಿ ಹೊಲ ನೀನ ಇಟ್ಕೋ ಅಂದ. ನಾಳೆ ಸಹಿ."

"ಆದ್ರ ಮಾಸ್ತರ, ಅದು ನೀಹಾರಿಕೆ."

"ನನಗ ಗೊತ್ತಿಲ್ಲೇನೋ? ಹುಡುಗ್ರಿಗೆ ಅದನ್ನ ಕಲಿಸಿ ಹೊಟ್ಟಿ ಹೊರೀತೇನಿ. ಆದ್ರ ಇವತ್ತ ಅಣ್ಣ ಹೆಂಡ್ರು ಮಕ್ಕಳನ್ನ ಕರಕೊಂಡು ಪ್ರದರ್ಶನಕ್ಕ ಬರಾಕತ್ತಾನ. ಬಾಗಲದಾಗ ಅವನ ಹೊಲ ತೂಗಿ ಕೆಳಗ 'ಆಕಾಶ' ಅಂತ ಬರದ್ರ ನನ್ನ ಬಾವಿ ಹೋತು." ಮಾಸ್ತರ ಅವನ ಎರಡೂ ಕೈ ಹಿಡಿದ. "ಜಗತ್ತಿನಾಗ ಇಂಥ ಚಿತ್ರ ಇಲ್ಲ. ಯಾರ ಮುಂದೂ ತಗೀಬ್ಯಾಡ."

ಪ್ರಿಂಟು ಮತ್ತೆ ಬೆಡ್‌ಶೀಟಿನೊಳಗೆ ಹೋಯಿತು. ಬಾಗಿಲಿಗೆ ಅನೀಲಕುಮಾರ ತಾನೇ ತೆಗೆದ ಚಂದ್ರನ ಚಿತ್ರ ತೂಗು ಹಾಕಿದ. ಚಂದ್ರನ ಮೇಲೆ ಯಾರ ಹೊಲವೂ ಇಲ್ಲ.

ಸಿದ್ದಾರೂಢ ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಎದುರು ಚಹಾ ಹೇಳಿ ಕೂತ. ಚಹಾದಂಗಡಿಯಲ್ಲಿ ಕೂತವರೆಲ್ಲ ಮೊಬೈಲಿಗೆ ತಲೆ ಹಚ್ಚಿದ್ದರು. ಪ್ರತಿ ಮೊಬೈಲಿನಲ್ಲೂ ಅವನ ಗುಲಾಬಿ ಮೋಡ ಬೆಳಗುತ್ತಿತ್ತು. ಜನ ಬೆರಳಿನಿಂದ ಹಿಗ್ಗಿಸಿ, ಉಸಿರು ಹಿಡಿದು, ಒಂದೊಂದು ಎಳೆಯನ್ನೂ ನೋಡುತ್ತಿದ್ದರು. ಯಾವ ಪ್ರದರ್ಶನದಲ್ಲೂ ಯಾವ ಚಿತ್ರವನ್ನೂ ಜನ ಹೀಗೆ ನೋಡಿದ್ದನ್ನು ಅವನು ಕಂಡಿರಲಿಲ್ಲ.

ಪಕ್ಕದಲ್ಲಿದ್ದ ಮುದುಕನೊಬ್ಬ ತನ್ನ ಮೊಬೈಲನ್ನು ಅವನ ಮುಂದೆ ಹಿಡಿದ. "ನಿಮ್ಮ ಹೊಲ ಎಲ್ಲಿ ಬಂತ್ರಿ ಇದರಾಗ?"

ಸಿದ್ದಾರೂಢ ಚಹಾದ ಕಪ್ಪು ಕೆಳಗಿಟ್ಟ. ಆಮೇಲೆ ನಾಲ್ಕು ಮರಿ ನಕ್ಷತ್ರಗಳ ಮೇಲೆ ಮೆಲ್ಲಗೆ ಬೆರಳು ಇಟ್ಟ. "ಇಲ್ಲೇ ನೋಡ್ರಿ."

ಮುದುಕ ಕಣ್ಣು ಕಿರಿದು ಮಾಡಿ ನೋಡಿದ, ಅವನ ಬೆನ್ನು ತಟ್ಟಿದ.

"ನಸೀಬ ತಗೊಂಡ ಬಂದೀರಿ. ನಟ್ಟನಡುವ ಮುಳಗೇತಿ."